ಕುಡಿತವೂ ಖಿನ್ನತೆಯೂ ಒಟ್ಟಿಗೆ ಇದ್ದರೆ ಮೊದಲು ಯಾವುದಕ್ಕೆ ಚಿಕಿತ್ಸೆ?

ನೀವು ಕೇಳಿರುವುದು ಮೂರು. ಬೇಸರದಿಂದ ಕುಡಿತವೋ, ಕುಡಿತದಿಂದ ಬೇಸರವೋ? ನಾಳೆಯಿಂದಲೇ ಮನೆಯಲ್ಲಿದ್ದುಕೊಂಡು ಬಿಟ್ಟುಬಿಡಬಹುದೇ? ಖಿನ್ನತೆಯ ಮಾತ್ರೆ ನುಂಗಲು ಶುರು ಮಾಡಿದರೆ ಅದೇ ಇನ್ನೊಂದು ಚಟವಾಗುವುದಿಲ್ಲವೇ? ಎರಡನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಜೀವದ ಪ್ರಶ್ನೆ ಇದೆ.

ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಒಳಗೆ ಹೋದರೆ ನಿಲ್ಲುತ್ತದೆ ಎಂದು ಬರೆದಿದ್ದೀರಿ. ನನಗೂ ಹಾಗೆಯೇ ಇತ್ತು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ಬೆಳಿಗ್ಗೆ ಹಾಕಿದ ಸಹಿ ಹೊಂದುವುದಿಲ್ಲವೆಂದು ಮಗಳ ಶಾಲೆಯ ಶುಲ್ಕದ ಚೆಕ್ಕನ್ನು ಬ್ಯಾಂಕಿನವರು ವಾಪಸು ಕಳಿಸಿದ್ದರು. ಈ ಹಂತಕ್ಕೆ ಬಂದವರು ದಯವಿಟ್ಟು ಏಕಾಏಕಿ, ಒಬ್ಬರೇ, ಕೋಣೆಯ ಬಾಗಿಲು ಹಾಕಿಕೊಂಡು ಕುಡಿತ ನಿಲ್ಲಿಸಬೇಡಿ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿಹೋದ ಮಿದುಳು ಅದು ದಿಢೀರನೆ ತಪ್ಪಿದಾಗ ಕೆರಳುತ್ತದೆ. ಮೊದಲ ದಿನ ಬೆವರು, ನಡುಕ, ವಾಂತಿ. ಕೆಲವರಿಗೆ ಒಂದೆರಡು ದಿನಗಳೊಳಗೆ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್, ಅಂದರೆ ಜ್ವರ, ಭ್ರಮೆ, ಹೊತ್ತುಗೊತ್ತಿನ ಪರಿವೆ ಇಲ್ಲದ ಸ್ಥಿತಿ. ಕುಡಿತ ಬಿಡಲು ನಾನು ಆಸ್ಪತ್ರೆ ಸೇರಿದ್ದಾಗ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯವರು ರಾತ್ರಿಯಿಡೀ ಗಾಳಿಯಲ್ಲಿ ಅಡಿಕೆ ಸುಲಿದರು. ಬೆರಳುಗಳು ಮೆಟ್ಟುಗತ್ತಿಯ ಮುಂದೆ ಕುಳಿತವರ ಬೆರಳುಗಳಂತೆಯೇ ಆಡುತ್ತಿದ್ದವು. ಸುಲಿದದ್ದನ್ನು ಬುಟ್ಟಿಗೆ ಹಾಕುತ್ತಿಲ್ಲವೆಂದು ನರ್ಸಮ್ಮನನ್ನು ಗದರುತ್ತಲೂ ಇದ್ದರು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವೂ ಬರಬಹುದು.

ಆಸ್ಪತ್ರೆಯಲ್ಲಿ ಮಾಡುವುದು ಬಹಳ ಸರಳ. ಕೆರಳಿದ ಮಿದುಳನ್ನು ತಣಿಸುವ, ನಡುಕ ತಡೆಯುವ ಡಯಜೆಪಾಮ್ ಜಾತಿಯ ಮಾತ್ರೆ ಕೊಟ್ಟು, ಪ್ರಮಾಣವನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು. ನಮ್ಮ ಕಡೆ ‘ಸುಸ್ತಾಗಿದೆ, ಒಂದು ಗ್ಲೂಕೋಸ್ ಹಾಕಿ’ ಎಂದು ಹತ್ತಿರದ ಕ್ಲಿನಿಕ್ಕಿಗೆ ಹೋಗುವ ಅಭ್ಯಾಸವಿದೆಯಲ್ಲ, ಕುಡಿಯುವವರಿಗೆ ಅದು ಅಪಾಯ. ಥಯಾಮಿನ್ ಕೊರತೆ ಇರುವ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು.

ಇನ್ನು ಮೊದಲ ಪ್ರಶ್ನೆ, ಯಾವುದರಿಂದ ಯಾವುದು ಎಂಬುದು. ಇದನ್ನು ನೀವು ಬಗೆಹರಿಸಬೇಕಾಗಿಯೇ ಇಲ್ಲ. ಮದ್ಯವೇ ತಂದ ಖಿನ್ನತೆಯಾದರೆ ಕುಡಿತ ಬಿಟ್ಟ ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಇಳಿಯದೆ ಉಳಿದದ್ದಕ್ಕೆ ಬೇರೆಯಾಗಿ ಚಿಕಿತ್ಸೆ ಬೇಕು. ಮೊದಲೇ ಖಿನ್ನತೆ ಇದ್ದವರಿಗೆ, ಸಾಯುವ ಯೋಚನೆ ಬರುತ್ತಿರುವವರಿಗೆ ವೈದ್ಯರು ಅಷ್ಟು ದಿನ ಕಾಯುವುದಿಲ್ಲ. ನನ್ನದು ಇಳಿಯದೆ ಉಳಿದ ಬಗೆಯ ಖಿನ್ನತೆ. ನಡುಕ ನಿಂತು, ಊಟ ಸೇರತೊಡಗಿದ ಮೇಲೂ ಬೆಳಗಿನ ಆ ಕಲ್ಲಿನಂಥ ಭಾರ ಹಾಗೆಯೇ ಇತ್ತು. ಸರ್ಟ್ರಲಿನ್ ಎಂಬ ಖಿನ್ನತೆಯ ಮಾತ್ರೆ ಶುರು ಮಾಡಿದರು. ಮೊದಲ ವಾರ ಹೊಟ್ಟೆ ತೊಳಸಿದ್ದು ಬಿಟ್ಟರೆ ಬೇರೆ ತೊಂದರೆ ಏನೂ ಆಗಲಿಲ್ಲ. ಈ ಮಾತ್ರೆಗಳು ಹಿಡಿಯಲು ಕೆಲವು ವಾರಗಳು ಬೇಕು. ಚಟವಾಗುತ್ತದೆಯೇ ಎಂದಿರಿ. ಮದ್ಯದ ಹಾಗೆ ಇವಕ್ಕೆ ಹಪಹಪಿಕೆ ಹುಟ್ಟುವುದಿಲ್ಲ, ಪ್ರಮಾಣ ಏರಿಸುತ್ತಲೇ ಹೋಗಬೇಕೆನಿಸುವುದೂ ಇಲ್ಲ. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು, ಅಷ್ಟೆ. ರಾತ್ರಿ ಬಾಟಲಿಯೇ ಖಾಲಿ ಮಾಡುವವರು ಬೆಳಿಗ್ಗೆ ಬಟಾಣಿಯಷ್ಟು ಮಾತ್ರೆಯ ಅಡ್ಡಪರಿಣಾಮಕ್ಕೆ ಹೆದರುವುದು ನನಗೆ ಈಗಲೂ ನಗು ತರಿಸುತ್ತದೆ.

ಕುಡಿಯುವ ತವಕ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮದ್ದುಗಳಿವೆ. ಡೈಸಲ್ಫಿರಾಮ್ ಬೇರೆ ಬಗೆಯದು: ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಒದ್ದಾಡಬೇಕಾಗುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ಆದ್ದರಿಂದ ನೀವೇ ಅರಿತು, ಒಪ್ಪಿ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ‘ಗೊತ್ತಾಗದಂತೆ ಸಾರಿಗೆ ಬೆರೆಸಿ ಕುಡಿತ ಬಿಡಿಸಿ’ ಎಂದು ಬಸ್ ನಿಲ್ದಾಣದ ಗೋಡೆಗಳ ಮೇಲೆ ಚೀಟಿ ಅಂಟಿಸಿರುತ್ತಾರಲ್ಲ, ಆ ಪುಡಿಗಳ ಸಹವಾಸ ನಿಮ್ಮ ಮನೆಯವರಿಗೆ ಬೇಡ.

ಮಾತ್ರೆ ಅರ್ಧ ಕೆಲಸ ಮಾಡಿತು. ಇನ್ನರ್ಧ ಇದ್ದದ್ದು ಸಂಜೆ ಆರರಿಂದ ಒಂಬತ್ತರ ನಡುವೆ. ಮಂಡಿಯ ಬಾಗಿಲು ಹಾಕುವ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ, ತಲೆ ಬಿಸಿಯಾಗಿರುತ್ತದೆ, ಎದುರಿಗೇ ಬಾರ್. ಆಪ್ತಸಮಾಲೋಚಕಿ ಬೋಧನೆ ಮಾಡಲಿಲ್ಲ. ಒಂದು ಹಾಳೆ ಕೊಟ್ಟು, ಆ ಮೂರು ಗಂಟೆಗಳನ್ನು ಅರ್ಧ ಅರ್ಧ ಗಂಟೆಯಾಗಿ ಗೆರೆ ಹಾಕಿ ತುಂಬಿಸಿ ಎಂದರು. ಲೆಕ್ಕದವನಿಗೆ ಆ ಕೆಲಸ ಹಿಡಿಸಿತು. ಐದೂವರೆಗೇ ಮಂಡಿಯಲ್ಲಿ ಅವಲಕ್ಕಿ ಅಥವಾ ಮಂಡಕ್ಕಿ ತಿನ್ನುವುದು, ಹಿಂದಿನ ಬೀದಿಯಿಂದ ಮನೆಗೆ ನಡೆಯುವುದು, ಕೈಯಲ್ಲಿ ಕಾಸು ಇಟ್ಟುಕೊಳ್ಳದಿರುವುದು, ಮಗಳ ಗಣಿತ. ಮನಸ್ಸಿಲ್ಲದಿದ್ದರೂ ಮಾಡಬೇಕು ಎಂಬುದೇ ಅವರ ಷರತ್ತು, ಏಕೆಂದರೆ ಖಿನ್ನತೆಯಲ್ಲಿ ಮನಸ್ಸು ಬರಲೆಂದು ಕಾದರೆ ಬರುವುದಿಲ್ಲ. ನಿದ್ದೆ ಮಾತ್ರ ಎಲ್ಲಕ್ಕಿಂತ ತಡವಾಗಿ ಸುಧಾರಿಸಿತು, ಅದಕ್ಕೆ ಸಿದ್ಧರಾಗಿರಿ.

ಕುಡಿತ ಬಿಡಲು ಹೊರಟವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೂ ಹೋಗಿ ನೋಡಿ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಕೂಟದ ಸಭೆಗಳು ಕನ್ನಡದಲ್ಲೂ ನಡೆಯುತ್ತವೆ, ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಧರ್ಮಸ್ಥಳದ ಕಡೆಯಿಂದ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರೂ ನನಗೆ ಗೊತ್ತು. ಆದರೆ ನಿಮ್ಮಂತೆ ಬೆಳಗಿನ ನಡುಕ ಇರುವವರು ಮೊದಲು ವೈದ್ಯರ ಬಳಿ ಹೋಗಲೇಬೇಕು.

ಎಲ್ಲಿಗೆ ಹೋಗುವುದು? ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ ಸಾಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಮೀಸಲಾದ ಕೇಂದ್ರವಿದೆ. ಸಾಯುವ ಯೋಚನೆ ಬಂದರೆ ಬೆಳಗಾಗಲೆಂದು ಕಾಯದೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಹೋಗುವಾಗ ನಿಮ್ಮ ಕುಡಿತದ ನಿಜ ತಿಳಿದವರೊಬ್ಬರನ್ನು ಕರೆದುಕೊಂಡು ಹೋಗಿ. ‘ದಿನಕ್ಕೆ ಎರಡು ಪೆಗ್’ ಎಂದು ನಾನು ಹೇಳಿದಾಗ ವೈದ್ಯೆ ಬರೆದುಕೊಳ್ಳದೆ ನನ್ನ ಹೆಂಡತಿಯ ಮುಖ ನೋಡಿದರು. ಅವಳು ಕ್ವಾರ್ಟರ್‌ಗಳ ಲೆಕ್ಕದಲ್ಲಿ ಹೇಳಿದಳು. ಎಷ್ಟು, ಕೊನೆಯ ಬಾರಿ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಈ ನಾಲ್ಕನ್ನು ಇದ್ದದ್ದು ಇದ್ದ ಹಾಗೆ ಹೇಳಿ. ನಡುಕ ತಡೆಯುವ ಮಾತ್ರೆ ಎಷ್ಟು ಕೊಡಬೇಕೆಂಬುದು ಅದರ ಮೇಲೆಯೇ ನಿಂತಿದೆ.