ನಮ್ಮ ಹಳ್ಳಿ ಶಾಲೆಗೆ ಅತಿಥಿಗಳನ್ನು ಕರೆಸಬೇಕು. ಯಾರನ್ನು ಕರೆಯಲಿ, ಹೇಗೆ ಮಾಡಲಿ?

ನೀವು ಕೇಳಿದ್ದು ಇಷ್ಟು. ಔರಾದ್ ತಾಲೂಕಿನ ಒಂದು ಹಳ್ಳಿ, ಐದನೇ ಕ್ಲಾಸಿನವರೆಗಿನ ಸರ್ಕಾರಿ ಶಾಲೆ. ಈ ವರ್ಷ ನೀವು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯರಾಗಿದ್ದೀರಿ. ಶಾಲೆಗೆ ಅತಿಥಿಗಳು ಬರಬೇಕು, ಊರವರು ಸೇರಬೇಕು ಅನ್ನೋ ಆಸೆ ಇದೆ. ದೊಡ್ಡವರ ಪರಿಚಯ ಇಲ್ಲ, ದುಡ್ಡೂ ಇಲ್ಲ. ಮೊದಲು ಯಾರನ್ನು ಕರೆಯಬೇಕು ಅಂತ ಕೇಳಿದ್ದೀರಿ.

ನಾನು ಬೀದರ್ ಜಿಲ್ಲೆಯಲ್ಲೇ 19 ವರ್ಷದಿಂದ ಪ್ರಾಥಮಿಕ ಶಾಲೆ ಟೀಚರ್. ದೊಡ್ಡವರ ಪರಿಚಯ ಇಲ್ಲ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಪರಿಚಯ ಇದ್ದವರು ಮಾಡಿದ ಕಾರ್ಯಕ್ರಮಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ವಾರ್ಷಿಕ ಕಾರ್ಯಕ್ರಮ ಇತ್ತು. ಕಾರ್ಡಿನಲ್ಲಿ ಹತ್ತು ಗಂಟೆ ಅಂತ ಅಚ್ಚಾಗಿತ್ತು. ಒಂಬತ್ತೂವರೆಗೇ ಮಕ್ಕಳನ್ನು ಗೇಟಿನಿಂದ ವೇದಿಕೆವರೆಗೆ ಎರಡು ಸಾಲು ನಿಲ್ಲಿಸಿದೆವು. ಎಲ್ಲರ ಕೈಯಲ್ಲಿ ಚೆಂಡು ಹೂವಿನ ಎಸಳು. ಮುಖ್ಯ ಅತಿಥಿ ಬಂದಿದ್ದು ಹನ್ನೆರಡೂಕಾಲಿಗೆ. ಫೆಬ್ರುವರಿ ಕೊನೆ, ನಮ್ಮ ಕಡೆ ಬಿಸಿಲು ಅಷ್ಟೊತ್ತಿಗೆ ನೆತ್ತಿ ಸುಡುತ್ತದೆ. ಎರಡನೇ ಕ್ಲಾಸಿನ ಒಬ್ಬ ಹುಡುಗಿ ನಿಂತಲ್ಲೇ ಕುಸಿದಳು. ಎತ್ತಿಕೊಂಡು ಒಳಗೆ ಮಲಗಿಸಿ ನೀರು ಕುಡಿಸಿದೆ. ಅವಳ ಮುಷ್ಟಿ ಇನ್ನೂ ಬಿಗಿಯಾಗಿತ್ತು. ಬಿಡಿಸಿ ನೋಡಿದರೆ ಹೂವಿನ ಎಸಳು ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿಕೊಂಡಿತ್ತು. ಹೊರಗೆ ಹದಿನಾಲ್ಕು ಜನರಿಗೆ ಶಾಲು, ಹಾರ, ಫೋಟೋ ನಡೆದಿತ್ತು. ಹೊತ್ತಾಯಿತು ಅಂತ ಮಕ್ಕಳ ಡಾನ್ಸ್ ಎಂಟರಲ್ಲಿ ಎರಡನ್ನೇ ಉಳಿಸಿದರು. ಆ ಸಾಲು ನಿಲ್ಲಿಸಿದವರಲ್ಲಿ ನಾನೂ ಇದ್ದೆ. ಆ ಹುಡುಗಿಯ ಅಂಗೈ ನನಗೆ ಇವತ್ತಿಗೂ ಮರೆತಿಲ್ಲ.

ಅಂದಿನಿಂದ ಯಾರನ್ನೇ ಕರೆಯುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇವರಿಗೆ ಮೂರನೇ ಕ್ಲಾಸಿನ ಮಗು ಹೆದರದೆ ಪ್ರಶ್ನೆ ಕೇಳಬಹುದಾ? ಹೌದು ಅನಿಸಿದರೆ ಕರೆಯಿರಿ. ಭಾಷಣ ಮಾಡಿ ಹೋಗುವವರಾದರೆ ಬೇಡ, ಅವರು ಎಷ್ಟೇ ಒಳ್ಳೆಯವರಿರಲಿ.

ನಮ್ಮಲ್ಲಿ ನಡೆದ ಒಂದನ್ನು ವಿವರವಾಗಿ ಹೇಳುತ್ತೇನೆ. ಬೀದರಿನಿಂದ ಒಬ್ಬ ಬಿದ್ರಿ ಕುಶಲಕರ್ಮಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವವರು, ಬಂದಿದ್ದರು. ಅರವತ್ತು ದಾಟಿದವರು, ಮಕ್ಕಳು ಚಾಚಾ ಅಂದರು. ಬಿದ್ರಿ ಅಂದರೆ ಪುಸ್ತಕದಲ್ಲಿ ಒಂದು ಸಾಲು ಬರುತ್ತದೆ, ಮಕ್ಕಳು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. 2006ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಸ್ತು ಅನ್ನೋ ಕಾನೂನಿನ ಗುರುತು, ಸಿಕ್ಕಿದ್ದು, 2023ರಲ್ಲಿ ನಮ್ಮ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದ್ದು, ಇದನ್ನೆಲ್ಲ ನಾನೂ ಬೋರ್ಡಿನ ಮೇಲೆ ಬರೆದಿದ್ದೆ. ಯಾವ ಮಗುವಿನ ಕಣ್ಣೂ ಅರಳಿರಲಿಲ್ಲ.

ಚಾಚಾ ಕುರ್ಚಿ ಬೇಡ ಅಂದು ನೆಲದ ಮೇಲೆ ಕೂತರು. ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದರು. ಅರ್ಧ ಕೆಲಸ ಆಗಿದ್ದ ಡಬ್ಬಿ. ಸತು 16 ಪಾಲು, ತಾಮ್ರ 1 ಪಾಲು ಸೇರಿಸಿ ಎರಕ ಹೊಯ್ದಿದ್ದು ಅಂದರು. ಐದನೇ ಕ್ಲಾಸಿನವರಿಗೂ ಅದು ತಲೆಗೆ ಹೋಗಲಿಲ್ಲ. ಆಗ ಅಡುಗೆ ಮನೆಯಿಂದ ಜೋಳ ಮತ್ತು ತೊಗರಿ ತರಿಸಿದೆ. 16 ಜೋಳದ ಕಾಳಿಗೆ ಒಂದು ತೊಗರಿ ಕಾಳು ಇಟ್ಟೆವು. ಒಬ್ಬ ಹುಡುಗ ತಾನೇ ಇನ್ನೊಂದು ತೊಗರಿ ಇಟ್ಟು, "ಹಂಗಾದ್ರ ಈಗ ಜ್ವಾಳ 32 ಬೇಕು" ಅಂದ. ಒಂದು ವಾರ ಹೇಳಿಕೊಟ್ಟರೂ ಬಾರದ ಲೆಕ್ಕ ಅದು.

ಆಮೇಲೆ ಚಾಚಾ ಮಾತಾಡತೊಡಗಿದರು. ಅವರದು ದಖನಿ, ನಮ್ಮ ಕಡೆಯ ಆಡುಮಾತಿನ ಉರ್ದು. ಅರ್ಧ ಮಕ್ಕಳಿಗೆ ತಿಳಿಯಲಿಲ್ಲ. ನಾನು ಕನ್ನಡದಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮನೆಯಲ್ಲಿ ದಖನಿ ಮಾತಾಡುವ ಹುಡುಗಿ. ಕ್ಲಾಸಿನಲ್ಲಿ ಹಾಜರಿ ಕೂಗಿದರೂ ದನಿ ಕೇಳಿಸದಷ್ಟು ಮೆತ್ತಗೆ. ಅವಳು ಚಾಚಾ ಹೇಳಿದ ಒಂದೊಂದು ಮಾತನ್ನೂ ಕನ್ನಡಕ್ಕೆ ತಂದಳು. ಬೆಳ್ಳಿ ತಂತಿಯನ್ನು ಹೇಗೆ ಗೆರೆಯೊಳಗೆ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ ಅಂತ ಹೇಳಿದಳು. ಕಪ್ಪು ಬಣ್ಣಕ್ಕೆ ಬೀದರ್ ಕೋಟೆಯ ಒಳಗಿನ ಹಳೇ ಮಣ್ಣೇ ಬೇಕು ಅಂತ ಹೇಳಿದಳು. ಯಾವ ಮಣ್ಣು ಒಳ್ಳೇದು ಅಂತ ಹೇಗೆ ಗೊತ್ತಾಗುತ್ತೆ ಅಂತ ಒಬ್ಬ ಕೇಳಿದ. ಚಾಚಾ ಬೆರಳನ್ನು ನಾಲಿಗೆಗೆ ಮುಟ್ಟಿಸಿ ತೋರಿಸಿದರು. ಅವಳು ಕಣ್ಣರಳಿಸಿ, "ಟೀಚರ್, ನೆಕ್ಕಿ ನೋಡ್ತಾರಂತ್ರಿ!" ಅಂದಳು. ಇಡೀ ಕ್ಲಾಸು ಹೋ ಅಂತು.

ಕೊನೆಗೆ ಚಾಚಾ ನವಸಾಗರ ಅನ್ನೋ ಉಪ್ಪು ಮತ್ತು ಆ ಮಣ್ಣನ್ನು ನೀರಿನಲ್ಲಿ ಕಲಸಿ ಕಾಯಿಸಿದರು. ಮಕ್ಕಳನ್ನು ಹತ್ತು ಹೆಜ್ಜೆ ದೂರ ಕೂರಿಸಿದ್ದೆವು, ಕಿಟಕಿ ಬಾಗಿಲು ತೆರೆದಿದ್ದೆವು. ಬೆಳ್ಳಿ ಕೂರಿಸಿ ಮುಗಿದಿದ್ದ ಒಂದು ಸಣ್ಣ ಬಿಲ್ಲೆ ಅವರ ಹತ್ತಿರ ಇತ್ತು. ಉಜ್ಜಿ ಸವರಿದ್ದರಿಂದ ಬೆಳ್ಳಿ ಯಾವುದು ಸತು ಯಾವುದು ಅಂತ ತಿಳಿಯುತ್ತಿರಲಿಲ್ಲ, ಎಲ್ಲಾ ಒಂದೇ ಬೂದು ಬಣ್ಣ. ಆ ನೀರಿನಲ್ಲಿ ಅದ್ದಿ, ತಿಕ್ಕಿ, ತೊಳೆದು ಎತ್ತಿ ಹಿಡಿದರು. ಸುತ್ತಲೂ ಕಡುಗಪ್ಪು, ನಡುವೆ ಬಿಳಿ ಹೂವು. ಯಾರೂ ಮಾತಾಡಲಿಲ್ಲ. ಆಮೇಲೆ ನಾಲ್ಕನೇ ಕ್ಲಾಸಿನ ಹುಡುಗ ಮೆಲ್ಲಗೆ ಕೇಳಿದ, "ಚಾಚಾ, ನಿಮ್ಮ ಮಗನೂ ಇದೇ ಮಾಡ್ತಾನೇನ್ರಿ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಲ್ಲ, ಹೈದರಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ ಅಂದರು. ಹುಡುಗಿ ಅದನ್ನೂ ಕನ್ನಡದಲ್ಲಿ ಹೇಳಿದಳು.

ಆ ಹುಡುಗಿ ಅವತ್ತಿನಿಂದ ಕ್ಲಾಸಿನಲ್ಲಿ ಮಾತಾಡುತ್ತಾಳೆ. ನಿಮ್ಮ ಔರಾದ್ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿ, ಕೆಲವು ಕಡೆ ತೆಲುಗು. ಅಂಥ ಮನೆಯ ಮಕ್ಕಳು ಕನ್ನಡ ಶಾಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ ಅಲ್ವಾ? ಅವರ ಮನೆಮಾತಿನ ಅತಿಥಿಯನ್ನು ಬೇಕಂತಲೇ ಕರೆಯಿರಿ. ಮಾತು ದಾಟಿಸುವ ಕೆಲಸ ಆ ಮಗುವಿಗೇ ಕೊಡಿ.

ಖರ್ಚಿನ ವಿಷಯ. ಶಾಮಿಯಾನ, ಮೈಕ್ ಸೆಟ್, ಬ್ಯಾನರ್ ಯಾವುದೂ ಬೇಕಾಗಿಲ್ಲ. ಆದರೆ ಚಾಚಾ ಅವರಂಥವರು ಬಂದರೆ ಅವರ ಒಂದು ದಿನದ ದುಡಿಮೆ ಹೋಗುತ್ತದೆ. ಶಾಲು ಹೊದಿಸಿ ಕಳಿಸುವುದು ನ್ಯಾಯ ಅಲ್ಲ. ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿಯನ್ನು ಲಕೋಟೆಯಲ್ಲಿ ಹಾಕಿ ಕೊಡಿ. ನಾವು ಟೀಚರ್‌ಗಳು ಮತ್ತು ಮೂವರು ಪಾಲಕರು ಸೇರಿ ಕೊಟ್ಟೆವು. ಮಧ್ಯಾಹ್ನ ಅವರು ಮಕ್ಕಳ ಜೊತೆ ಪಂಕ್ತಿಯಲ್ಲೇ ಊಟ ಮಾಡಿದರು.

ತಯಾರಿ ಅತಿಥಿಗಿಂತ ಮಕ್ಕಳಿಗೆ ಜಾಸ್ತಿ ಬೇಕು. ಬರುವ ಒಂದು ವಾರ ಮೊದಲೇ ಗೋಡೆಗೆ ಒಂದು ಹಾಳೆ ಅಂಟಿಸಿ. ಇವರು ಬರ್ತಾರೆ, ಏನು ಕೇಳ್ತೀರಿ ಅಂತ ಬರೆಸಿ. ಮೊದಲ ದಿನ "ನಿಮ್ಮ ಹೆಸರೇನು, ಊರು ಯಾವುದು" ಅಂತ ಬರೆಯುತ್ತಾರೆ. ನಾಲ್ಕನೇ ದಿನಕ್ಕೆ ಒಳ್ಳೆಯ ಪ್ರಶ್ನೆ ಬರುತ್ತದೆ. ಬರೆಯಲು ಬಾರದ ಒಂದನೇ ಕ್ಲಾಸಿನವರು ಹೇಳಲಿ, ದೊಡ್ಡ ಮಕ್ಕಳು ಬರೆದುಕೊಳ್ಳಲಿ. ಆಮಂತ್ರಣ ಪತ್ರವನ್ನೂ ಮಕ್ಕಳೇ ಬರೆಯಲಿ, ತಪ್ಪಿದ್ದರೆ ಇರಲಿ. ಅತಿಥಿಗೆ ಮೊದಲೇ ಹೇಳಿಬಿಡಿ: ಮುಕ್ಕಾಲು ಗಂಟೆ, ಕೈಯಲ್ಲಿ ಏನಾದರೂ ವಸ್ತು ಇರಲಿ, ಉಪದೇಶ ಬೇಡ. ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟೋ ಜನರಿಗೆ ಭಾಷಣ ಮಾಡಬೇಕಾಗಿಲ್ಲ ಅಂದರೆ ಎದೆ ಹಗುರಾಗುತ್ತದೆ.

ಇನ್ನು ಯಾರು ಸಿಗುತ್ತಾರೆ ಅಂತೀರಾ? ನಿಮ್ಮ ಊರಿಗೆ ಬರುವ ಬಸ್ಸಿನ ಕಂಡಕ್ಟರ್ ಅಕ್ಕ. ನಮ್ಮಲ್ಲಿ ಒಬ್ಬರು ಟಿಕೆಟ್ ಮಷಿನ್ ತಂದಿದ್ದರು. "ಹೆಣ್ಮಕ್ಕಳಿಗೆ ಫ್ರೀ ಅಂದ್ಮ್ಯಾಲ ಟಿಕೆಟ್ ಯಾಕ್ರೀ ಅಕ್ಕಾ?" ಅಂತ ಒಬ್ಬಳು ಕೇಳಿದಳು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಎಷ್ಟು ಹೆಣ್ಣುಮಕ್ಕಳು ಓಡಾಡಿದರು ಅಂತ ಲೆಕ್ಕ ಇದ್ದರೆ ತಾನೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡೋದು, ಅದಕ್ಕೇ ಸೊನ್ನೆ ರೂಪಾಯಿ ಟಿಕೆಟ್ ಅಂತ ಅವರು ವಿವರಿಸಿದರು. ಸೊನ್ನೆಯ ಬೆಲೆಯನ್ನು ನಾನು ಇಷ್ಟು ಚೆನ್ನಾಗಿ ಕಲಿಸಿಲ್ಲ. ಪೋಸ್ಟ್‌ಮ್ಯಾನ್, ಲೈನ್‌ಮನ್, ಆಶಾ ಕಾರ್ಯಕರ್ತೆ, ಟೇಲರ್ ಎಲ್ಲರೂ ಆಗುತ್ತಾರೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅಲ್ಲಿ ಓದುವವರನ್ನು ಕೇಳಿ ನೋಡಿ. ಊರಲ್ಲಿ ಯಾರ ಮನೆಯಲ್ಲಾದರೂ ದೇವಣಿ ತಳಿಯ ಹೋರಿ ಇದ್ದರೆ ಅದನ್ನೇ ಮುಂದೆ ನಿಲ್ಲಿಸಿಕೊಂಡು ಪಾಠ ನಡೆಯುತ್ತದೆ.

ನಮ್ಮ ಭಾಗ ನಿಜಾಮರ ಆಡಳಿತದಿಂದ ಬಿಡುಗಡೆಯಾದ ನೆನಪಿಗೆ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುತ್ತೀರಲ್ಲ, ಆ ದಿನ ಊರಿನ ಹಿರಿಯ ಮುತ್ಯಾ ಯಾರಾದರೂ ಇದ್ದರೆ ಕೂರಿಸಿ. 1948ಕ್ಕೆ ಮೊದಲು ಇಲ್ಲಿ ನಿಜಾಮರ ಆಡಳಿತ, ಶಾಲೆಯಲ್ಲಿ ಉರ್ದು, ಕೈಯಲ್ಲಿ ಹಾಲಿ ಸಿಕ್ಕಾ ನಾಣ್ಯ. ಕೆಲವು ವರ್ಷದ ಹಿಂದೆ ಒಬ್ಬ ಮುತ್ಯಾ ನಮ್ಮ ಬೋರ್ಡಿನ ಮೇಲೆ ತಮ್ಮ ಹೆಸರನ್ನು ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಬರೆದರು. ಚಿಕ್ಕಂದಿನಲ್ಲಿ ಕಲಿತಿದ್ದು, ಕೈ ನಡುಗುತ್ತಿತ್ತು, ಅಕ್ಷರ ಮರೆತಿರಲಿಲ್ಲ. ಆ ಕಾಲದ ನೋವಿನ ಕಥೆಗಳೂ ಇವೆ. ಎಲ್ಲಾ ಮನೆಯ ಮಕ್ಕಳೂ ಒಟ್ಟಿಗೆ ಕೂತಿರುತ್ತಾರೆ. ಏನು ಹೇಳಬೇಕು ಅಂತ ಮುತ್ಯಾನ ಜೊತೆ ಹಿಂದಿನ ದಿನವೇ ಕೂತು ಮಾತಾಡಿಕೊಳ್ಳಿ.

ಊರವರು ಸೇರಬೇಕು ಅಂದಿರಲ್ಲ, ಅದಕ್ಕೆ ಮಕ್ಕಳ ಸಂತೆಗಿಂತ ಒಳ್ಳೆಯದು ನಾನು ಕಂಡಿಲ್ಲ. ಮಕ್ಕಳು ಪುಂಡಿ ಸೊಪ್ಪು, ಮೆಂತ್ಯ, ಶೇಂಗಾ ತಂದು ಮಾರುತ್ತಾರೆ, ತಾಯಂದಿರು ಚೌಕಾಸಿ ಮಾಡುತ್ತಾರೆ. ಮುಂದೆ ಬಂದು ಮಾತಾಡಿ ಅಂದರೆ ಹಿಂದೆ ಸರಿಯುವ ತಾಯಂದಿರೇ ಅಲ್ಲಿ ಎರಡು ಗಂಟೆ ಇರುತ್ತಾರೆ. ದಿನ ಮಾತ್ರ ನೋಡಿ ಇಡಿ. ಬಿತ್ತನೆ ಹೊತ್ತು, ಸೋಯಾ ರಾಶಿ, ತೊಗರಿ ರಾಶಿ ಸಮಯದಲ್ಲಿ ಯಾರೂ ಬರಲ್ಲ. ಬರಲಿಲ್ಲ ಅಂತ ಪಾಲಕರನ್ನು ಬೈಯಲೂಬಾರದು, ಆ ದಿನದ ಕೂಲಿ ಬಿಟ್ಟು ಬಾ ಅನ್ನಲು ನಾವ್ಯಾರು? ಎಳ್ಳ ಅಮವಾಸ್ಯೆಗಂತೂ ಊರೇ ಹೊಲದಲ್ಲಿರುತ್ತದೆ. ಅತಿಥಿಗಳನ್ನು ಕರೆಯಲು, ಶಾಲೆಗಳಲ್ಲಿ ಬ್ಯಾಗ್ ಇಲ್ಲದ ದಿನವಾದ 'ಸಂಭ್ರಮ ಶನಿವಾರ' ಒಳ್ಳೆಯದು.

ನೋಡ್ರಿ, ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಯಾರೇ ಬರಲಿ, ಹೆಡ್‌ಮಾಸ್ಟರ್ ಒಪ್ಪಿಗೆ ಇರಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಬರೆಸಿ, ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿಸಿ. ಅತಿಥಿ ಎಷ್ಟೇ ಪರಿಚಯದವರಿರಲಿ, ಮಕ್ಕಳ ಜೊತೆ ಒಂಟಿಯಾಗಿ ಬಿಡಬೇಡಿ, ಒಬ್ಬ ಟೀಚರ್ ಅಲ್ಲೇ ಇರಬೇಕು. ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವವರಿಗೆ ಮೊದಲೇ ಬೇಡ ಅನ್ನಿ. ಪಕ್ಷದ ಶಾಲು, ಕೋಚಿಂಗ್ ಕ್ಲಾಸಿನ ಪಾಂಪ್ಲೆಟ್ ಒಳಗೆ ಬರಬಾರದು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಇರಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು. ನಿಮಗೆ ಕೇಳುವ ಹಕ್ಕಿದೆ, ಸಂಕೋಚ ಬೇಡ. ದೊಡ್ಡವರು ಯಾರಾದರೂ ಬರಲೇಬೇಕಾಗಿ ಬಂದರೆ ಬರಲಿ, ಆದರೆ ಮಕ್ಕಳು ನೆರಳಲ್ಲಿ ಕೂತಿರಲಿ. ಅವರು ತಡವಾದರೆ ಕಾರ್ಯಕ್ರಮ ಶುರುವಾಗಿಬಿಡಲಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಮೊದಲು ಯಾರನ್ನು ಕರೆಯಲಿ ಅಂತ. ನಿಮ್ಮ ಶಾಲೆಯ ಅಡುಗೆ ಅಕ್ಕನನ್ನು ಕರೆಯಿರಿ.

ನಾವು ಹಾಗೆ ಮಾಡಿದೆವು. ನಮ್ಮ ಅಡುಗೆ ಅಕ್ಕ ಹನ್ನೊಂದು ವರ್ಷದಿಂದ ಅದೇ ಒಲೆ ಮುಂದೆ ಇದ್ದವರು, ಕ್ಲಾಸಿನೊಳಗೆ ಕೂತವರೇ ಅಲ್ಲ. ಕುರ್ಚಿ ಹಾಕಿದರೆ ತುದಿಯಲ್ಲಿ ಕೂತರು. ಒಂದು ಮಗುವಿಗೆ ಎಷ್ಟು ಅಕ್ಕಿ ಅಂತ ಕೇಳಿದಾಗ ಸೆರಗು ಸರಿ ಮಾಡಿಕೊಂಡು ಶುರು ಮಾಡಿದರು. ಒಂದರಿಂದ ಐದನೇ ಕ್ಲಾಸಿನವರಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಇವತ್ತು 64 ಜನ ಬಂದಿದ್ದೀರಿ, ಹಾಗಾದರೆ ಎಷ್ಟು ಅಂತ ಮಕ್ಕಳನ್ನೇ ಕೇಳಿದರು. 6 ಕಿಲೋ 400 ಗ್ರಾಂ ಅಂತ ಮೊದಲು ಹೇಳಿದವನಿಗೆ, "ನಾಳೆ ನೀನೇ ಅಳದು ಕೊಡಪ್ಪ" ಅಂದರು. ಒಬ್ಬ ಪುಟ್ಟ ಹುಡುಗಿ, "ಅಕ್ಕಾ, ನಿಮ್ಮ ಹೆಸರೇನ್ರಿ?" ಅಂತ ಕೇಳಿದಳು. ಆವರೆಗೆ ಯಾರೂ ಕೇಳಿರಲಿಲ್ಲ.

ಅವರನ್ನು ಬೆಳಿಗ್ಗೆ ಕರೆಯಬೇಡಿ, ಅಡುಗೆಗೆ ತಡವಾಗುತ್ತದೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಎರಡೂವರೆಗೆ ಇಡಿ. ಆ ದಿನ ಪಾತ್ರೆ ತೊಳೆಯಲು ನೀವು ಎಸ್‌ಡಿಎಂಸಿಯ ಇಬ್ಬರು ನಿಲ್ಲಿ.