ಬಿಳಿ ಬೆಲ್ಟಿನ ನೈಟ್ ಏಟು ಒಪ್ಕೊಳ್ತಿಲ್ಲ ಅಂದಿದ್ದಕ್ಕೆ

ಎಸ್‌ಸಿಎ (ಮಧ್ಯಯುಗದ ಬದುಕು, ಕಾಳಗ ಮರುಸೃಷ್ಟಿ ಮಾಡೋ ಹವ್ಯಾಸಿಗಳ ಸಂಘ) ಕಾಳಗದಲ್ಲಿ ಹೆಲ್ಮೆಟ್ ಮೇಲೆ ಮೂರು ಸಲ ಹೊಡೆದ್ರೂ ಆ ನೈಟ್ (ಸಂಘದಲ್ಲಿ ಪದವಿ ಪಡೆದ ಹಿರಿಯ ಯೋಧ) "ಲೈಟ್", ಅಂದ್ರೆ ಏಟು ಸಾಲ್ದು, ಅಂತ ತಳ್ಳಿಹಾಕಿದ್ರು ಅಂತ ಬರ್ದಿದೀರಲ್ಲ, ಬಹುಶಃ ಅದು ಮೋಸ ಅಲ್ಲ, ಅವ್ರಿಗೆ ಏಟು ಗೊತ್ತೇ ಆಗ್ತಿಲ್ಲ. ಒಳಗಡೆ ಪ್ಯಾಡಿಂಗ್ ದಪ್ಪ ಇದ್ದು ಮೈ ಬಿಸಿಯೇರಿದ್ರೆ ಬೆತ್ತದ ಕತ್ತಿ ನಮ್ಮ ಕಿವಿಗೆ ಟಣ್ ಅಂದ್ರೂ ಒಳಗಿರೋರಿಗೆ ಸುಮ್ನೆ ತಟ್ಟಿದ ಹಾಗಿರುತ್ತೆ. ಬೇಕಂತಲೇ ಮಾಡ್ತಿರಲೂಬಹುದು, ಕಣ್ಣಾರೆ ನೋಡದೆ ಖಚಿತವಾಗಿ ಹೇಳಕ್ಕಾಗಲ್ಲ.

ಮೊದ್ಲು ನಿಮ್ಮ ಕತ್ತಿ ನೋಡ್ಕೊಳ್ಳಿ. ಅಂಚು ತೋರ್ಸೋಕೆ ಸುತ್ತಿರೋ ಬೇರೆ ಬಣ್ಣದ ಟೇಪ್ ಸವೆದಿರ್ಬೇಕು, ಅದು ಹೊಸದರ ಹಾಗಿದ್ದು ಪಕ್ಕದ ಟೇಪ್ ಹರಿದಿದ್ರೆ ನಿಮ್ಮ ಏಟು ಚಪ್ಪಟೆ ಬೀಳ್ತಿದೆ, ಎಸ್‌ಸಿಎನಲ್ಲಿ ಅದು ಲೆಕ್ಕಕ್ಕಿಲ್ಲ.

ಅದು ಸರಿ ಇದ್ರೆ ಮುಂದಿನ ಪ್ರಾಕ್ಟೀಸಲ್ಲಿ ಹೆಲ್ಮೆಟ್ ತೆಗೆದ ಮೇಲೆ ನೇರವಾಗಿ, ಒಬ್ರೇ ಇದ್ದಾಗ, "ಆ ಏಟು ಹೇಗಿತ್ತು, ಎಲ್ಲಿ ಕಮ್ಮಿ ಆಯ್ತು" ಅಂತ ಕೇಳಿ. ಏಟು ಬಿತ್ತಾ ಇಲ್ವಾ ಅನ್ನೋದು ತಿಂದೋರ ಮಾತಿನ ಮೇಲೇ ನಿಂತಿರೋದ್ರಿಂದ ಮೈದಾನದಲ್ಲಿ ಕೂಗಾಡಿ ಉಪಯೋಗ ಇಲ್ಲ. ಇನ್ನೂ ಜೋರಾಗಂತೂ ಹೊಡೀಬೇಡಿ ದಯವಿಟ್ಟು, ಕೈ ಮುರಿಯೋದು ಹಾಗೇನೇ.

ಆಮೇಲೂ ಬದಲಾಗ್ಲಿಲ್ಲ ಅಂದ್ರೆ ಇನ್ನೊಬ್ಬ ನೈಟ್ ಹತ್ರ ಹೇಳಿ, ನೀವು ಸ್ಕ್ವೈರ್ (ಒಬ್ಬ ನೈಟ್ ಕೈಕೆಳಗೆ ಕಲಿಯೋರು) ಆಗಿದ್ರೆ ನಿಮ್ಮ ನೈಟ್ ಹತ್ರಾನೇ. ನೈಟ್ ಗುರುತಾದ ಬಿಳಿ ಬೆಲ್ಟ್, ಚೈನು, ಸ್ಪರ್ (ಹಿಮ್ಮಡಿಯ ಮುಳ್ಳು) ಕಟ್ಕೊಂಡೋರು ಹೊಸಬರಿಗಿಂತ ಜಾಸ್ತಿ ಉತ್ತರ ಕೊಡ್ಬೇಕು, ಕಮ್ಮಿ ಅಲ್ಲ, ಮತ್ತೆ ಸಮಾನರು ಕೇಳಿದ್ರೆ ಅದು ನಾಟುತ್ತೆ. ಅದೂ ಆಗ್ಲಿಲ್ವಾ, ದಿನಾಂಕ, ಎಲ್ಲಿ ಬಿತ್ತು, ಯಾರು ನೋಡಿದ್ರು ಅಂತ ಬರ್ದು ನಿಮ್ಮ ಗುಂಪಿನ ಮಾರ್ಷಲ್‌ಗೆ (ಕಾಳಗದ ನಿಯಮ, ಸುರಕ್ಷತೆ ನೋಡ್ಕೊಳ್ಳೋರು) ಕೊಡಿ. ಬೈಗುಳ ಬೇಡ, ನಡೆದಿದ್ದಷ್ಟೇ.