ಓದುಗರ ಪ್ರಶ್ನೆ: ಬಿಡಿಸೋಕೆ ಬಾರದ ಸಂಖ್ಯೆಗೆ ಮ.ಸಾ.ಅ. ಹುಡುಕೋದು ಹೆಂಗೆ?

ಪ್ರಶ್ನೆ: ಸರ್, ನನ್ ಮಗಳು ಏಳನೇ ಕ್ಲಾಸು. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದ್ರೆ ಎರಡನ್ನೂ ಶೇಷ ಇಲ್ಲದಂಗೆ ಭಾಗಿಸೋ ಅತಿ ದೊಡ್ಡ ಸಂಖ್ಯೆ) ಬೇಕಂದ್ರೆ ಎರಡೂ ಸಂಖ್ಯೆನ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸು, ಎರಡರಲ್ಲೂ ಇರೋದನ್ನ ಎತ್ಕೊಂಡು ಗುಣಿಸು ಅಂತ ಹೇಳ್ಕೊಟ್ಟಿದಾರೆ. 48, 60 ತರದ್ದೆಲ್ಲ ಚಕಚಕ ಅಂತ ಮಾಡ್ತಾಳೆ. ಮೊನ್ನೆ 899 ಮತ್ತೆ 1147 ಕೊಟ್ಟಿದ್ರು, 2, 3, 5, 7, 11, 13 ಎಲ್ಲಾ ನೋಡಿದ್ಳು, ಯಾವ ಮಗ್ಗಿಲೂ ಬರಲ್ಲ ಅಂತ ಉತ್ತರ 1 ಅಂತ ಬರೆದ್ಬಿಟ್ಟಳು. ನೋಡಿದ್ರೆ 31 ಅಂತೆ. ನನಗೆ ಲೆಕ್ಕ ಬರಲ್ಲ ಅಂತ ಅತ್ಕೊಂಡು ಕೂತಿದಾಳೆ, ಏನ್ ಹೇಳ್ಲಿ?

ಉತ್ತರ: ಮೊದಲು ಅವಳಿಗೆ ಇದನ್ನ ಹೇಳಿ ಮೇಡಂ, ಅವಳು ಮಾಡಿದ್ದರಲ್ಲಿ ತಪ್ಪಿಲ್ಲ, ಬೇಗ ನಿಲ್ಲಿಸಿದ್ಳು ಅಷ್ಟೇ. 899ನ ಬಿಡಿಸ್ಬೇಕಂದ್ರೆ 29ರವರೆಗೂ ಹೋಗ್ಬೇಕು, 1147ಕ್ಕೆ 31ರವರೆಗೆ, ಅಷ್ಟು ದೂರ ಯಾವ ಮಗು ತಾಳ್ಮೆಯಿಂದ ಹೋಗತ್ತೆ ಹೇಳಿ. ಆದ್ರೆ ನಿಜ ಹೇಳ್ಬೇಕಂದ್ರೆ ಈ ಲೆಕ್ಕಕ್ಕೆ ಬಿಡಿಸೋ ಕೆಲಸನೇ ಬೇಡ. ಮ.ಸಾ.ಅ. ಅಂದ್ರೆ ಬಿಡಿಸೋದು ಅಂತ ಮಕ್ಕಳ ತಲೇಲಿ ಕೂತ್ಬಿಟ್ಟಿದೆ, ಅದು ನನಗೆ ತುಂಬಾ ಬೇಜಾರಾಗೋ ವಿಷಯ, ಯಾಕಂದ್ರೆ ಸುಲಭದ ದಾರಿ ಎರಡು ಸಾವಿರ ವರ್ಷದಿಂದ ಇದೆ.

ದಾರಿ ಇದು. ದೊಡ್ಡದನ್ನ ಚಿಕ್ಕದರಿಂದ ಭಾಗಿಸಿ, ಶೇಷ ನೋಡಿ. ಆಮೇಲೆ ದೊಡ್ಡದನ್ನ ಬಿಟ್ಬಿಡಿ, ಚಿಕ್ಕದು ಮತ್ತೆ ಶೇಷ ಇವೆರಡನ್ನೇ ಇಟ್ಕೊಂಡು ಮತ್ತೆ ಅದೇ ಕೆಲಸ. ಶೇಷ 0 ಬಂದಾಗ ಯಾವುದರಿಂದ ಭಾಗಿಸಿದ್ರೋ ಅದೇ ಉತ್ತರ. ನಿಮ್ಮ ಮಗಳ ಲೆಕ್ಕನೇ ಮಾಡೋಣ:

1147ನ 899ರಿಂದ ಭಾಗಿಸಿದ್ರೆ ಶೇಷ 248
899ನ 248ರಿಂದ, ಶೇಷ 155
248ನ 155ರಿಂದ, ಶೇಷ 93
155ನ 93ರಿಂದ, ಶೇಷ 62
93ನ 62ರಿಂದ, ಶೇಷ 31
62ನ 31ರಿಂದ, ಶೇಷ 0

ಬಂತಲ್ಲ, 31. ಆರೇ ಭಾಗಾಕಾರ, ಅದರಲ್ಲೂ ನಾಲ್ಕು ಬರೀ ಕಳೆಯೋ ಲೆಕ್ಕ.

ಆದ್ರೆ ಇದನ್ನ ಬಾಯಿಪಾಠ ಮಾಡಿಸ್ಬೇಡಿ ದಯವಿಟ್ಟು, ಯಾಕೆ ಹಿಂಗಾಗತ್ತೆ ಅಂತ ಒಂದ್ಸಲ ಕಾಣಿಸಿ. ಒಂದು ಕಡ್ಡಿ ಇದೆ ಅನ್ಕೊಳ್ಳಿ, ಅದನ್ನ ಪಕ್ಕಪಕ್ಕ ಇಡ್ತಾ ಹೋದ್ರೆ 1147 ಉದ್ದನೂ ಚೂರೂ ಮಿಗದಂಗೆ ಮುಗಿಯತ್ತೆ, 899 ಉದ್ದನೂ ಮುಗಿಯತ್ತೆ. ಹಂಗಿದ್ಮೇಲೆ ಒಂದರಿಂದ ಇನ್ನೊಂದನ್ನ ಕಳೆದು ಉಳಿಯೋ 248ನೂ ಅದೇ ಕಡ್ಡಿಲಿ ಸರಿಯಾಗಿ ಮುಗೀಲೇಬೇಕಲ್ವಾ? ತಿರುಗಿಸಿ ನೋಡಿದ್ರೂ ಅಷ್ಟೇ, 899ನೂ 248ನೂ ಅಳೆಯೋ ಕಡ್ಡಿ ಅವೆರಡೂ ಸೇರಿದ 1147ನ ಅಳೆಯತ್ತೆ. ಅಂದ್ರೆ ಸಂಖ್ಯೆಗಳು ಚಿಕ್ಕದಾಗ್ತಾ ಹೋದ್ರೂ ಅವಕ್ಕೆ ಹೊಂದೋ ಕಡ್ಡಿಗಳು ಮಾತ್ರ ಅವೇ, ಒಂದೂ ಹೊಸದಾಗಿ ಸೇರಲ್ಲ, ಒಂದೂ ಕಳೆದುಹೋಗಲ್ಲ. ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಎಲಿಮೆಂಟ್ಸ್ ಗ್ರಂಥದ ಏಳನೇ ಭಾಗದಲ್ಲಿ ಇದನ್ನ ಬರೆದಿಟ್ಟಿದ್ದು ಹಿಂಗೇ, ಸಂಖ್ಯೆ ಅಂದ್ರೆ ಉದ್ದ, ಭಾಗಿಸೋದು ಅಂದ್ರೆ ಅಳೆಯೋದು ಅಂತ.

ಮಗಳ ಕೈಲಿ ಪೇಪರ್ ಕತ್ತರಿಸಿ ಮಾಡಿಸಿದ್ರೆ ಇನ್ನೂ ಚೆಂದ. 30 ಸೆಂಟಿಮೀಟರ್ ಉದ್ದ 18 ಅಗಲದ ಹಾಳೆ ತಗೊಳ್ಳಿ. ಅದರಿಂದ ಆಗೋ ಅತಿ ದೊಡ್ಡ ಚೌಕ ಕತ್ತರಿಸು ಅನ್ನಿ, 18ರ ಚೌಕ ಹೋಗತ್ತೆ, 18ಕ್ಕೆ 12ರ ತುಂಡು ಉಳಿಯತ್ತೆ. ಅದರಲ್ಲಿ 12ರ ಚೌಕ ತೆಗೆದ್ರೆ 12ಕ್ಕೆ 6ರ ಪಟ್ಟಿ. ಆ ಪಟ್ಟಿ 6ರ ಎರಡು ಚೌಕ ಆಗಿ ಪೂರ್ತಿ ಮುಗೀತು, ಏನೂ ಮಿಗಲಿಲ್ಲ. 30, 18ರ ಮ.ಸಾ.ಅ. 6. ಕೊನೇ ಚೌಕ ಕೈಲಿ ಹಿಡ್ಕೊಂಡಾಗ ಅವಳ ಮುಖ ನೋಡಿ.

ನಮ್ಮ ಆರ್ಯಭಟನೂ 499ರಲ್ಲಿ ಇದೇ ತರ ಮತ್ತೆ ಮತ್ತೆ ಭಾಗಿಸೋ ಕ್ರಮ ಬಳಸಿದ್ದಾನೆ, ಬೇರೆ ತರದ ಸಮೀಕರಣ ಬಿಡಿಸೋಕೆ. ಆ ವಿಧಾನಕ್ಕೆ ಬಂದಿರೋ ಹೆಸರು ಕುಟ್ಟಕ. ದೊಡ್ಡ ಸಂಖ್ಯೆನ ಕುಟ್ಟಿ ಕುಟ್ಟಿ ಪುಡಿ ಮಾಡೋದು, ಎಂಥಾ ಸರಿಯಾದ ಹೆಸರು.

ಪ್ರಶ್ನೆ: ಮ.ಸಾ.ಅ., ಲ.ಸಾ.ಅ. ಎರಡೂ ನನಗೆ ಯಾವಾಗ್ಲೂ ಅದಲುಬದಲು ಆಗತ್ತೆ. ಮತ್ತೆ ಎರಡನ್ನೂ ಗುಣಿಸಿದ್ರೆ ಸಂಖ್ಯೆಗಳ ಗುಣಲಬ್ಧ ಬರತ್ತೆ ಅಂತಾರೆ, ಮೂರು ಸಂಖ್ಯೆಗೆ ಮಾಡಿದ್ರೆ ಬರ್ತಿಲ್ಲ.

ಉತ್ತರ: ಅದಲುಬದಲಾಗೋದ್ರಲ್ಲಿ ನಿಮ್ಮ ತಪ್ಪು ಕಮ್ಮಿ, ಆ ಕೊನೇ "ಅ" ಇದೆಯಲ್ಲ ಅದೇ ಎಡವಿಸೋದು. ಮ.ಸಾ.ಅ.ದಲ್ಲಿ ಅದು ಅಪವರ್ತನ, ಅಂದ್ರೆ ಸಂಖ್ಯೆನ ಸರಿಯಾಗಿ ಭಾಗಿಸೋದು. ಲ.ಸಾ.ಅ.ದಲ್ಲಿ ಅದು ಅಪವರ್ತ್ಯ, ಅಂದ್ರೆ ಸಂಖ್ಯೆಯ ಮಗ್ಗೀಲಿ ಬರೋದು. ಸೊನ್ನೆ ಒಂದನ್ನ ಬಿಟ್ರೆ, ಹೆಸರಲ್ಲಿ ಮಹತ್ತಮ ಇದ್ರೂ ಮ.ಸಾ.ಅ. ಯಾವತ್ತೂ ಚಿಕ್ಕ ಸಂಖ್ಯೆಗಿಂತ ದೊಡ್ಡದಾಗಲ್ಲ, ಲಘುತ್ತಮ ಇದ್ರೂ ಲ.ಸಾ.ಅ. ದೊಡ್ಡ ಸಂಖ್ಯೆಗಿಂತ ಚಿಕ್ಕದಾಗಲ್ಲ. ಉತ್ತರ ಬರೆದ್ಮೇಲೆ ಇದೊಂದು ನೋಡಿಬಿಡಿ, ಅದಲುಬದಲಾಗಿದ್ರೆ ಅಲ್ಲೇ ಸಿಕ್ಕಿಬೀಳತ್ತೆ.

ಗುಣಲಬ್ಧದ ಸೂತ್ರ ಎರಡೇ ಸಂಖ್ಯೆಗೆ. 6, 10, 15 ತಗೊಳ್ಳಿ, ಮ.ಸಾ.ಅ. 1, ಲ.ಸಾ.ಅ. 30, ಗುಣಿಸಿದ್ರೆ 30, ಆದ್ರೆ ಮೂರರ ಗುಣಲಬ್ಧ 900. ಮೂರರ ಮ.ಸಾ.ಅ. ಬೇಕಂದ್ರೆ ಮೊದಲ ಎರಡರದ್ದು ಕಂಡುಹಿಡಿದು, ಬಂದ ಉತ್ತರನ ಮೂರನೇದರ ಜೊತೆ ಇಟ್ಟು ಮತ್ತೆ ಮಾಡಿ.

ಪ್ರಶ್ನೆ: 0 ಮತ್ತೆ 12ರ ಮ.ಸಾ.ಅ. ಎಷ್ಟು?

ಉತ್ತರ: 12. ಸೊನ್ನೆನ ಬೇರೆ ಯಾವ ಸಂಖ್ಯೆಯಿಂದ ಭಾಗಿಸಿದ್ರೂ ಶೇಷ ಇರಲ್ಲ, ಹಂಗಾಗಿ 12ನ ಭಾಗಿಸೋದ್ರಲ್ಲಿ ದೊಡ್ಡದು ಯಾವುದು ಅಂತ ನೋಡಿದ್ರೆ ಸಾಕು.

ಪ್ರಶ್ನೆ: ನೂರಾರು ಅಂಕಿ ಇರೋ ಸಂಖ್ಯೆಗೂ ಈ ಭಾಗಾಕಾರದ ದಾರಿ ನಡೆಯತ್ತಾ? ಅಷ್ಟು ದೊಡ್ಡದಕ್ಕೆ ಮ.ಸಾ.ಅ. ಯಾರಿಗೆ ಬೇಕು?

ಉತ್ತರ: ಚೆನ್ನಾಗೇ ನಡೆಯತ್ತೆ. 1844ರಲ್ಲಿ ಗೇಬ್ರಿಯೆಲ್ ಲಾಮೆ ಅನ್ನೋ ಫ್ರೆಂಚ್ ಗಣಿತಜ್ಞ ಒಂದು ಮಿತಿ ತೋರಿಸಿದ, ಚಿಕ್ಕ ಸಂಖ್ಯೇಲಿ ಎಷ್ಟು ಅಂಕಿ ಇದೆಯೋ ಅದರ ಐದರಷ್ಟಕ್ಕಿಂತ ಜಾಸ್ತಿ ಭಾಗಾಕಾರ ಯಾವತ್ತೂ ಬೇಕಾಗಲ್ಲ ಅಂತ. ನೂರು ಅಂಕಿ ಇದ್ರೆ ಹೆಚ್ಚಂದ್ರೆ 500, ಕಂಪ್ಯೂಟರ್‌ಗೆ ಅದು ಕಣ್ಣು ಮಿಟುಕಿಸೋ ಹೊತ್ತೂ ಅಲ್ಲ. ಸತಾಯಿಸೋ ಜೋಡಿ ಬೇಕಂದ್ರೆ 144 ಮತ್ತೆ 89 ಮಾಡಿ ನೋಡಿ, ಫಿಬೊನಾಚಿ ಸಾಲಿನ (ಹಿಂದಿನ ಎರಡನ್ನ ಕೂಡಿಸಿ ಮುಂದಿನದು ಬರೋ ಸಾಲು) ಅಕ್ಕಪಕ್ಕದವು, ಪೂರ್ತಿ ಹತ್ತು ಭಾಗಾಕಾರ ಮಾಡಿಸಿ ಕೊನೆಗೆ 1 ಕೊಡತ್ತೆ.

ಬಿಡಿಸೋ ದಾರಿ ಮಾತ್ರ ಇಲ್ಲಿ ಕೈ ಕೊಡತ್ತೆ. ಆರ್‌ಎಸ್‌ಎ-250 ಅನ್ನೋ 250 ಅಂಕಿಯ ಸಂಖ್ಯೆನ ಅಪವರ್ತನಗಳಾಗಿ ಬಿಡಿಸೋಕೆ ಆಗಿದ್ದು 2020ರಲ್ಲಿ, ಅದೂ ರಾಶಿ ಕಂಪ್ಯೂಟರ್‌ಗಳನ್ನ ದುಡಿಸಿ. ಈ ಕಷ್ಟದ ಮೇಲೇ 1977ರಲ್ಲಿ ಬಂದ ಆರ್‌ಎಸ್‌ಎ ಗುಪ್ತಲಿಪಿ, ಅಂದ್ರೆ ಸಂದೇಶನ ಗುಟ್ಟಾಗಿ ಕಳಿಸೋ ಒಂದು ವಿಧಾನ, ನಿಂತಿರೋದು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸಿ, ಗುಣಲಬ್ಧನ ಎಲ್ಲರಿಗೂ ಕಾಣೋ ಹಂಗೆ ಇಡ್ತಾರೆ, ಯಾರೂ ಅದನ್ನ ಬಿಡಿಸೋಕೆ ಆಗಲ್ಲ ಅನ್ನೋ ಧೈರ್ಯದ ಮೇಲೆ.

ಈಗ ನೋಡಿ, 2012ರಲ್ಲಿ ಸಂಶೋಧಕರ ಎರಡು ತಂಡಗಳು ಇಂಟರ್ನೆಟ್‌ನಲ್ಲಿರೋ ಇಂಥ ಲಕ್ಷಾಂತರ ಕೀಗಳನ್ನ (ಎಲ್ಲರಿಗೂ ಕಾಣೋ ಹಂಗೆ ಇಟ್ಟ ಆ ಗುಣಲಬ್ಧಗಳನ್ನ) ಒಟ್ಟುಹಾಕಿ, ಅವುಗಳ ಮಧ್ಯೆ ಮ.ಸಾ.ಅ. ಕಂಡುಹಿಡಿದ್ರು. ಬಹುಪಾಲಿಗೆ 1 ಬಂತು, ಆದ್ರೆ ಸಾವಿರಾರು ಕೀಗಳಲ್ಲಿ 1 ಬರಲಿಲ್ಲ. ರೌಟರ್ ತರದ ಕೆಲವು ಉಪಕರಣಗಳು ಆನ್ ಆದ ತಕ್ಷಣ ಕೀ ತಯಾರು ಮಾಡುವಾಗ ಸಂಖ್ಯೆ ಆರಿಸೋದ್ರಲ್ಲಿ ಸಾಕಷ್ಟು ಯಾದೃಚ್ಛಿಕತೆ ಇರದೆ, ಬೇರೆ ಬೇರೆ ಉಪಕರಣಕ್ಕೂ ಒಂದೇ ಅವಿಭಾಜ್ಯ ಬಂದುಬಿಟ್ಟಿತ್ತು. ಯಾರೂ ಏನನ್ನೂ ಬಿಡಿಸಲಿಲ್ಲ, ಯೂಕ್ಲಿಡ್ ಹೇಳಿದ ಭಾಗಾಕಾರದಿಂದಲೇ ಆ ಕೀಗಳು ಮುರಿದುಬಿದ್ವು.

ಮೊದಲ ಪ್ರಶ್ನೆ ಕೇಳಿದ ತಾಯಿ ಇದನ್ನೂ ಓದ್ಲಿ ಅಂತ ಆಸೆ. ನಿಮ್ಮ ಮಗಳ 899, 1147 ಇವೆಯಲ್ಲ, ಅವೂ ಇದೇ ಜಾತಿ ಸಂಖ್ಯೆಗಳು, ಒಂದೊಂದೂ ಎರಡೆರಡು ಅವಿಭಾಜ್ಯಗಳ ಗುಣಲಬ್ಧ, ಒಂದು ಅವಿಭಾಜ್ಯ ಮಾತ್ರ ಎರಡಕ್ಕೂ ಸಾಮಾನ್ಯ. ಒಂದೊಂದನ್ನೇ ಬಿಡಿಸೋಕೆ ಹೋಗಿದ್ದಕ್ಕೆ ಅವಳು ಸೋತಿದ್ದು. ಎರಡನ್ನೂ ಒಟ್ಟಿಗೆ ಇಟ್ಟಾಗ 31 ಸಿಕ್ತು, ಈಗ ಅವಳ ಕೈಲೇ 899ನ 31ರಿಂದ ಭಾಗಿಸೋಕೆ ಹೇಳಿ, 29 ಬರತ್ತೆ, 1147ನ ಭಾಗಿಸಿದ್ರೆ 37.